ಪರಂಗಿ ಹಾಲಿನ ಸೂಜಿ

ಪೀಣ್ಯದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಲೇತ್ ಆಪರೇಟರು ಯಾವ ಯಂತ್ರ ಕಂಡರೂ ಕೇಳುತ್ತಿದ್ದದ್ದು ಒಂದೇ: "ಎಲ್ಲಿ ನಿಲ್ಬೇಕು ಅಂತ ಇದಕ್ಕೆ ಹೆಂಗ್ರೀ ಗೊತ್ತಾಗುತ್ತೆ?"

ಬೆನ್ನಿನ ಡಿಸ್ಕ್ ಜಾರಿ ಅವರು ಬಗ್ಗಲಾರದಂತಾದಾಗ ಡಾಕ್ಟರು, ಕೊಯ್ಯುವುದು ಬೇಡ, ಪರಂಗಿ ಹಾಲಿನಿಂದ ಮಾಡಿದ ಮದ್ದನ್ನು ಸೂಜಿಯಲ್ಲಿ ಬಿಟ್ಟು ಜಾರಿದ್ದನ್ನು ಕರಗಿಸೋಣ ಎಂದರಂತೆ. ಅವತ್ತೇ ಇವರು ಹಿತ್ತಲಿನ ಪರಂಗಿಕಾಯಿ ಗೀರಿ, ಹಾಲನ್ನು ಮಾಂಸದ ತುಂಡಿಗೆ ಸವರಿಟ್ಟರು. ಮರುದಿನ ಬೆರಳಿಟ್ಟರೆ ತುಂಡು ಮುದ್ದೆ.

"ನೋಡಿದ್ರಾ? ಇದು ನಿಲ್ಲೋದೇ ಇಲ್ಲ!"

"ಹಂಗಾದ್ರೆ ಬೇಡ ಬಿಡ್ರೀ," ಎಂದರು ಅವರ ಹೆಂಡತಿ, ಗಾಬರಿಯಾಗಿ.

"ಬೇಡ ಅಂದ್ರೆ ಗೊತ್ತಾಗೋದು ಹೆಂಗೆ?" ಎಂದು ಇವರು ಆಸ್ಪತ್ರೆಗೆ ಹೊರಟೇಬಿಟ್ಟರು.

ಸೂಜಿ ಹಾಕಿಸಿಕೊಂಡು ಕೆಲವು ವಾರಗಳಾಗಿದ್ದವು. ನನ್ನ ಕೈಯಿಂದ ಬೀಗದ ಕೈ ಜಾರಿ ಬಿತ್ತು. ನನಗಿಂತ ಮೊದಲು ಅವರೇ ಬಗ್ಗಿ ಎತ್ತಿಕೊಟ್ಟರು.

"ಅದಕ್ಕೆ ನಿಲ್ಲೋ ಜಾಗ ಗೊತ್ತಿದೆ ಕಣ್ರೀ," ಎಂದರು. ಮುಖದಲ್ಲಿ ಮಾತ್ರ ಸಮಾಧಾನವಿರಲಿಲ್ಲ. "ಹೆಂಗೆ ಅನ್ನೋದೊಂದು ತಿಳೀಲಿಲ್ಲ."