ಘಾಟಬೋರಾಳದ ಜ್ಞಾನಸ್ನಾನ

ಹುಮನಾಬಾದಿನ ಉಪದೇಶಿ ಮಾಣಿಕಪ್ಪ ದೇವರಿಗೂ ಪಾಠ ಹೇಳುವ ಆಸಾಮಿ. ಮೊದಲು ಮೆಥೋಡಿಸ್ಟ್ ಸಭೆಯಲ್ಲಿದ್ದ. ಅಲ್ಲಿ ತನ್ನನ್ನು ಹಿರಿಯನನ್ನಾಗಿ ಮಾಡಲಿಲ್ಲವೆಂದು ಮುನಿಸಿಕೊಂಡು ಕಥೋಲಿಕನಾದ. ಆಮೇಲೆ ಹಳೆಯ ಸಭೆಯವರೆಲ್ಲ ಅವನ ಕಣ್ಣಿಗೆ ಅರೆಬೆಂದ ಕ್ರೈಸ್ತರು.

“ಅವರದು ಬರೀ ಪುಸ್ತಕರಿ,” ಎಂದು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದ. “ನಮ್ಮಲ್ಲಿ ಪುಸ್ತಕಾನೂ ಅದ, ಯೇಸುವಿನ ಶಿಷ್ಯರಿಂದ ನಡಕೊಂಡು ಬಂದ ಪರಂಪರಾನೂ ಅದ. ಅವರು ಎರಡೇ ಸಂಸ್ಕಾರ ಒಪ್ತಾರ, ನಾವು ಏಳು. ಸತ್ತವರ ಸಲುವಾಗಿ ಅವರು ಪ್ರಾರ್ಥನಾ ಮಾಡಂಗಿಲ್ಲ, ನಾವು ಮಾಡ್ತೀವಿ.”

ಲಿಂಗ ಕಟ್ಟಿಕೊಂಡ ನನಗೆ ಇದರಲ್ಲಿ ತಕರಾರಿರಲಿಲ್ಲ. ಮಾತು ಸರಿಯಾಗಿಯೇ ಇತ್ತು, ಆಡುವ ಬಾಯಿಯನ್ನು ಮಾತ್ರ ಸಹಿಸಲಾಗುತ್ತಿರಲಿಲ್ಲ. ಏಳೂ ಸಂಸ್ಕಾರಗಳನ್ನು ತನ್ನ ಹೊಲದಲ್ಲೇ ಬೆಳೆದವನ ಹಾಗೆ ಬೀಗುತ್ತಿದ್ದ.

ವಾರಕ್ಕೊಮ್ಮೆ ಘಾಟಬೋರಾಳಕ್ಕೆ ಸೈಕಲ್ ತುಳಿದು, ತಮ್ಮ ಸಭೆಯ ಕೂಲಿ ಹೆಂಗಸರಿಗೆ ಧರ್ಮದ ಪ್ರಶ್ನೋತ್ತರ ಬಾಯಿಪಾಠ ಮಾಡಿಸುತ್ತಿದ್ದ.

“ಕ್ರೈಸ್ತರನ್ನಾಗಿ ಮಾಡೋ ಜ್ಞಾನಸ್ನಾನ ಯಾರು ಕೊಡ್ತಾರ?”

“ಫಾದರ್.”

“ಜೀವಕ್ಕ ಅಪಾಯ ಇದ್ದಾಗ?”

“ಯಾರಾದರೂ.”

ಉತ್ತರ ಮರೆತವಳು ಅವನ ಬಾಯಲ್ಲಿ ಎಮ್ಮೆ.

ಎಪ್ಪತ್ತೈದರ ಮಳೆಗಾಲದಲ್ಲಿ ಆ ಹೆಂಗಸರಲ್ಲೊಬ್ಬಳಾದ ಸರುಬಾಯಿ ದಿನ ತುಂಬುವ ಮೊದಲೇ ಹೆತ್ತಳು. ಕೂಸು ನೀಲಿಗಟ್ಟುತ್ತಿತ್ತು. ಗಂಡ ಫಾದರನ್ನು ಕರೆಯಲು ಓಡಿದ. ಕೈ ಎತ್ತಲೂ ತ್ರಾಣವಿಲ್ಲದ ಸರುಬಾಯಿ, ಹೆರಿಗೆ ಮಾಡಿಸಿದ ದಾಯಿ ಕರೀಮಾಳಿಗೆ ಜ್ಞಾನಸ್ನಾನದ ಮಾತು ಹೇಳಿಕೊಟ್ಟಳು. ಕರೀಮಾ ಹಾಗೆಯೇ ಕೂಸಿನ ತಲೆಯ ಮೇಲೆ ನೀರು ಹೊಯ್ದು, ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ಜ್ಞಾನಸ್ನಾನ ಕೊಟ್ಟಳು. ಸ್ವಲ್ಪ ಹೊತ್ತಿಗೆ ಕೂಸು ಹೋಯಿತು.

ಜೋಳ ಕೊಳ್ಳಲು ಆ ಊರಿಗೆ ಹೋಗಿದ್ದ ನಾನೂ ಅಂಗಳದಲ್ಲಿ ನಿಂತಿದ್ದೆ. ಫಾದರಿಗಿಂತ ಮೊದಲು ಮಾಣಿಕಪ್ಪ ಬಂದ. ಕೂಸನ್ನು ಎತ್ತಲು ಹೊರಟವರನ್ನು ತಡೆದ.

“ಮುಸಲ್ಮಾನರಾಕಿ ನೀರು ಹಾಕಿದ್ರ ಜ್ಞಾನಸ್ನಾನ ಆಗ್ತದೇನು? ಜ್ಞಾನಸ್ನಾನ ಆಗದ ಕೂಸು ನಮ್ಮ ಸ್ಮಶಾನದಾಗ ಬ್ಯಾಡ. ಬೇಲಿ ಹೊರಗ ಹೂಳ್ರಿ.”

“ಹೊರಗ ಬ್ಯಾಡ್ರಿ,” ಎಂದಳು ಸರುಬಾಯಿ ಒಳಗಿನಿಂದ. “ಒಬ್ಬಂಟಿ ಆಗ್ತದ್ರಿ ಕೂಸು.”

ಅವನು ಕಿವಿಗೊಡಲಿಲ್ಲ. ಅಂಥ ಮನುಷ್ಯನ ಮುಖ ನೋಡುವುದೂ ಅಸಹ್ಯವೆನಿಸಿತು ನನಗೆ.

ಫಾದರ್ ಬಂದವರೇ ಕರೀಮಾಳನ್ನು ಕೇಳಿದರು, “ಏನೆಂದುಕೊಂಡು ನೀರು ಹಾಕಿದೆಯಮ್ಮ?”

“ಇವರ ಧರ್ಮದಾಗ ಮಾಡೋದನ್ನೇ ಮಾಡಬೇಕಂತ ಮಾಡಿನ್ರಿ ಸಾಬ್. ತಾಯಿ ಅಳಾಕತ್ತಿದ್ದಳು.”

ಫಾದರ್ ಮಾಣಿಕಪ್ಪನ ಕಡೆ ತಿರುಗಿದರು. “ನಿಮಗೆ ಜ್ಞಾನಸ್ನಾನ ಕೊಟ್ಟವರು ಯಾರು?”

“ಮೆಥೋಡಿಸ್ಟ್ ಪಾದ್ರಿ.”

“ನಮ್ಮಲ್ಲಿಗೆ ಬಂದಾಗ ಮತ್ತೆ ಕೊಟ್ಟೆವೇ?”

“ಇಲ್ಲರಿ.”

“ಯಾಕೆ? ನೀರು ಅದೇ, ಹೆಸರು ಅದೇ. ಕೊಟ್ಟ ಕೈ ಯಾವುದೆಂದು ಸಭೆ ಅಂದೂ ನೋಡಲಿಲ್ಲ, ಇಂದೂ ನೋಡುವುದಿಲ್ಲ.”

ಕೂಸನ್ನು ಬೇಲಿಯೊಳಗೇ ಮಣ್ಣು ಮಾಡಿದರು. ಮಾನವಿದ್ದವನಾಗಿದ್ದರೆ ಆ ಊರಿನತ್ತ ತಲೆ ಹಾಕುತ್ತಿರಲಿಲ್ಲ. ಮಾಣಿಕಪ್ಪ ಮುಂದಿನ ವಾರವೇ ಸೈಕಲ್ ಏರಿ ಹೋದ. ಬಾಣಂತನ ಮುಗಿಸಿ ಸರುಬಾಯಿ ಪಾಠಕ್ಕೆ ಬಂದ ದಿನವೂ ಅದೇ ಪ್ರಶ್ನೆ.

“ಜೀವಕ್ಕ ಅಪಾಯ ಇದ್ದಾಗ ಜ್ಞಾನಸ್ನಾನ ಯಾರು ಕೊಡ್ತಾರ?”

ಸರುಬಾಯಿ ಸೆರಗು ಸರಿಮಾಡಿಕೊಂಡು ಹೇಳಿದಳು, “ಕರೀಮಾ.”

ಅವಳನ್ನು ಎಮ್ಮೆ ಎನ್ನಲು ಅವನಿಗೆ ಬಾಯಿ ಬರಲಿಲ್ಲವಂತೆ.