ಮಾರಾಟವಾಗಿದೆ ಎಂಬ ಚೀಟಿ

ಆ ಭಾನುವಾರ ನಾರಿಸ್ ಪ್ಯಾಜೆಟ್‌ಗೆ ವ್ಯಾನಿನಿಂದ ಕೆಳಗಿಳಿಯುವುದೇ ಬೇಡವೆನಿಸಿತ್ತು. ಮಂಡಿ ಎರಡೂ ಮುಷ್ಕರ ಹೂಡಿದ್ದವು. ಲಿಂಕನ್‌ಶೈರಿನ ಹಳೆಯ ವಿಮಾನ ಮೈದಾನದ ಸಂತೆಗೆ ಗಿರಾಕಿಗಳು ನಸುಕಿನಲ್ಲೇ ಬಂದುಬಿಡುತ್ತಾರೆ. ಹೆಂಡತಿ ಬೆರಿಲ್ ಫ್ಲಾಸ್ಕಿನಿಂದ ಚಹಾ ಬಗ್ಗಿಸುವಷ್ಟರಲ್ಲಿ ಅವನು ಹೇಗೋ ಟಾರ್ಪಾಲು ಹಾಸಿ ಸರಕನ್ನು ಸಾಲಾಗಿ ಮಲಗಿಸಿದ.

ಸರಕೆಂದರೆ ಸ್ಟೇರಿಂಗ್ ಕಾಲಂಗಳು. ಗುಜರಿ ಸೇರಿದ ಫೋರ್ಡ್ ಕಾರುಗಳಿಂದ ಬಿಚ್ಚಿ ತಂದವು. ಚಾಲಕ ತಿರುಗಿಸುವ ಚಕ್ರದಿಂದ ಕೆಳಗಿಳಿಯುವ ಕೊಳವೆ, ಒಳಗೊಂದು ದಂಡ, ತುದಿಗೆ ಕೀಲು. ಮನೆಯ ಗ್ಯಾರೇಜಿನಲ್ಲಿ ಬಿಡಿಭಾಗ ಕೂಡಿಹಾಕಿ ತಾವೇ ಕಾರು ಕಟ್ಟುವ ಹುಚ್ಚರಿಗೆ ಇವು ಬೇಕೇ ಬೇಕು. ಆ ಹುಚ್ಚರಿಂದಲೇ ನಾರಿಸನ ಹೊಟ್ಟೆಪಾಡು. ಅವನೂ ಅವರಲ್ಲೊಬ್ಬ.

ಸಾಲಿನ ಕೊನೆಯಲ್ಲಿ ಮಿಕ್ಕೆಲ್ಲವಕ್ಕಿಂತ ಚೊಕ್ಕಟವಾದ ಒಂದು ಕಾಲಂ. ಅದಕ್ಕೆ ಕಟ್ಟಿದ ರಟ್ಟಿನ ಚೀಟಿಯಲ್ಲಿ 'ಮಾರಾಟವಾಗಿದೆ' ಎಂದಿತ್ತು. ಕೊಂಡವನು ಸ್ವತಃ ನಾರಿಸ್. ಎಷ್ಟೋ ವರ್ಷಗಳ ಹಿಂದೆ ತನ್ನ ಸ್ವಂತ ಕಾರಿಗೆಂದು ಎತ್ತಿಟ್ಟಿದ್ದು. ಆ ಕಾರಿನ ಬರಿಯ ಮೈ ಇನ್ನೂ ಗ್ಯಾರೇಜಿನಲ್ಲಿದೆ, ಅದರೊಳಗೆ ಬೆರಿಲ್ ಜಾಮ್ ಬಾಟಲಿಗಳನ್ನು ಜೋಡಿಸಿದ್ದಾಳೆ. ಕಾಲಮ್ಮನ್ನು ಮನೆಯಲ್ಲೇ ಬಿಟ್ಟು ಬರಬಹುದಿತ್ತು. ಬಿಟ್ಟರೆ ಕಾರಿನ ಆಸೆಯನ್ನೇ ಬಿಟ್ಟ ಹಾಗೆ ಎಂದುಕೊಂಡು ಪ್ರತಿ ಸಂತೆಗೂ ಹೊತ್ತು ತರುತ್ತಿದ್ದ ಪುಣ್ಯಾತ್ಮ.

"ಏನೋ ನಾರಿಸ್, ನಿನ್ನ ಗಿರಾಕಿ ಇವತ್ತಾದ್ರೂ ಬರ್ತಾನೋ, ಇಲ್ಲ ಸತ್ತೇಹೋದ್ನೋ?" ಪಕ್ಕದಲ್ಲಿ ಚಕ್ರದ ಮುಚ್ಚಳ ಮಾರುವ ಡಗ್ಗಿ ಕೂಗಿದ. ಪ್ರತಿ ಸಲವೂ ಇದೇ ಕುಹಕ. ಗಿರಾಕಿ ಯಾರೆಂದು ನಾರಿಸ್ ಅವನಿಗೆ ಹೇಳಿರಲಿಲ್ಲ.

"ದಾರೀಲಿದಾನೆ ಬಿಡೋ."

ಆಗ ಟೆಸ್ಸಾ ಎಂಬ ಹೆಂಗಸು ಬಂದಳು. ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ನೆಟ್ಟಗೆ ಸಾಲಿನ ಕೊನೆಗೆ ಹೋಗಿ ಆ ಕಾಲಮ್ಮನ್ನೇ ಎತ್ತಿಕೊಂಡಳು. ದಂಡವನ್ನು ತಿರುವಿ ಕಿವಿಗೊಟ್ಟು ಕೇಳಿದಳು. ಚೀಟಿ ಕಂಡು ಮುಖ ಸಪ್ಪಗಾಯಿತು.

"ಇಷ್ಟು ಉದ್ದದ್ದು ಇನ್ನೊಂದಿದ್ಯಾ ಯಜಮಾನ್ರೇ?"

"ಇಲ್ಲ ಕಣಮ್ಮಾ."

"ನಂದು ಎಲ್ಲಾ ಮುಗಿದಿದೆ. ಇದೊಂದೇ ಬಾಕಿ. ಯಾರೋ ಮಹಾನುಭಾವ ಕತ್ತರಿಸಿ ಬೆಸುಗೆ ಹಾಕಿದ್ದನ್ನ ನನ್ನ ತಲೆಗೆ ಕಟ್ಟಿದ್ದ. ತಪಾಸಣೆಯವರು ನೋಡಿದ್ದೇ ತಡ, ಇದು ರಸ್ತೆಗಿಳಿಯೋ ಹಾಗಿಲ್ಲ ಅಂದ್ಬಿಟ್ರು." ಅವಳು ಕಾಲಮ್ಮನ್ನು ಮೆಲ್ಲಗೆ ಕೆಳಗಿಟ್ಟಳು. "ಕೊಂಡವರು ಬರದೇ ಹೋದ್ರೆ ನಂಗೆ ಕೊಡ್ತೀರಾ?"

ಸುಮ್ಮನೆ ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. "ಸಂತೆ ಮುಗಿಯೋ ಹೊತ್ತಿಗೆ ಬಾ" ಅಂದುಬಿಟ್ಟ.

ಆಮೇಲೆ ದಿನವಿಡೀ ನಾರಿಸ್ ತನ್ನನ್ನೇ ಕಾಯುತ್ತ ಕೂತ. ಈ ಚಳಿಗಾಲ ಕಾರಿನ ಕೆಲಸ ಶುರುಮಾಡಿದರೆ? ಕಾರಿನಡಿ ಮಲಗಲು ಮಂಡಿ ಬಗ್ಗಬೇಕು. ಕಳೆದ ವಾರ ಕೆಳಗೆ ಬಿದ್ದ ಕಾಲುಚೀಲ ಎತ್ತಲು ಬೆರಿಲ್‌ಳನ್ನು ಕರೆದಿದ್ದ. ಅವಳು ಕೊಟ್ಟ ಹಂದಿಮಾಂಸದ ರೊಟ್ಟಿ ಕೈಯಲ್ಲೇ ತಣ್ಣಗಾಯಿತು.

"ಅವನು ಬರಲ್ಲ, ನಾರಿಸ್" ಅಂದಳು ಬೆರಿಲ್. ದನಿಯಲ್ಲಿ ಕೊಂಕಿರಲಿಲ್ಲ. ಅವನಿಗೆ ಅದಕ್ಕೇ ಅಳು ಬಂದ ಹಾಗಾಯಿತು.

"ಗೊತ್ತು ಕಣೇ. ಯಾವತ್ತೋ ಗೊತ್ತು."

ಸಂಜೆ ಟೆಸ್ಸಾ ದೂರದಲ್ಲೇ ನಿಂತಳು. ಹತ್ತಿರ ಬಂದರೆ ಇಲ್ಲ ಅಂದುಬಿಡುತ್ತಾನೆ ಎಂಬ ಭಯವಿದ್ದಂತಿತ್ತು. ನಾರಿಸ್ ಚೀಟಿಯ ದಾರ ಬಿಚ್ಚಲು ಹೋದ. ವರ್ಷಗಟ್ಟಲೆಯ ಗಂಟು, ಜಗ್ಗಲಿಲ್ಲ. ಬೆರಿಲ್ ಹಲ್ಲಿನಿಂದ ಕಚ್ಚಿ ಕಿತ್ತಳು. ಟೆಸ್ಸಾ ಚೌಕಾಸಿ ಮಾಡದೆ ದುಡ್ಡು ಕೊಟ್ಟು, ಕಾಲಮ್ಮನ್ನು ಎದೆಗವಚಿಕೊಂಡು, ಅವನು ಮನಸ್ಸು ಬದಲಾಯಿಸುವ ಮೊದಲೇ ಸರಸರ ನಡೆದಳು.

"ಕಾರು ರಸ್ತೆಗಿಳಿದ ಮೇಲೆ ಒಂದ್ಸಲ ತಂದು ತೋರ್ಸಮ್ಮಾ!" ನಾರಿಸ್ ಕೂಗಿದ. ಅವಳು ತಿರುಗದೆ ಕೈ ಎತ್ತಿದಳು.

ಮುಚ್ಚಳಗಳನ್ನು ಚೀಲಕ್ಕೆ ತುಂಬುತ್ತಿದ್ದ ಡಗ್ಗಿ ಖಾಲಿ ಜಾಗ ಕಂಡು ಹುಬ್ಬೇರಿಸಿದ.

"ಅಯ್ಯೋ ನಿನ್ನ! ಕೊನೆಗೂ ಬಂದ್ನೇನೋ ನಿನ್ನ ಗಿರಾಕಿ?"

ನಾರಿಸ್ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ಬಂದಿದ್ದ ಕಣೋ. ನೋಡ್ದ. ಬೇಡ ಅಂದ."