ಗುಮ್ಮದ ರೋಬೋಟು

ಬಾಬುರಾಯನಕೊಪ್ಪಲಿನ ಚಲುವರಾಜು ಮೊದಲು ಪಾಂಡವಪುರದ ಸರ್ದಾರ್ ಪಾಷಾ ಅವರ ಶೆಡ್ಡಿನಲ್ಲಿ ಟ್ರಾಕ್ಟರ್ ಟ್ರೇಲರುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ. ಕಿಡಿ ಹಾರಿ ತೂತಾಗದ ಅಂಗಿ ಅವನ ಹತ್ತಿರ ಒಂದೂ ಇರಲಿಲ್ಲ. ತೊಂಬತ್ತೆಂಟರಲ್ಲಿ ಮೈಸೂರು ರಸ್ತೆಯ ಬೈಕ್ ಬಿಡಿಭಾಗದ ಕಾರ್ಖಾನೆಯೊಂದಕ್ಕೆ ವೆಲ್ಡಿಂಗ್ ರೋಬೋಟು ಬಂತು. ಅದನ್ನು ನೋಡಿಕೊಳ್ಳುವ ಕೆಲಸ ಅವನಿಗೆ ಸಿಕ್ಕಿತು. "ರೋಬೋಟ್ ಓಡಿಸ್ತೀನಿ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಓಡಿಸುವುದೆಂದರೆ ಪೈಪು ಜೋಡಿಸಿ, ಹಿಂದೆ ಸರಿದು ಗುಂಡಿ ಒತ್ತುವುದಷ್ಟೇ ಎಂಬ ವಿವರವನ್ನು ಮಾತ್ರ ನುಂಗಿಕೊಂಡ. ಪಾಷಾ ಬಿಡುವವರಲ್ಲ.

"ಅರೇ ಚಲುವಾ, ಬೆಸೆಯೋದು ಮಿಷಿನ್ನು. ನಿಂದೇನು ಮತ್ತೆ? ಗೇಟ್ ಕಾಯ್ತೀಯೇನೋ ಮಿಯಾ?"

ಅಷ್ಟರಲ್ಲಿ ನಾಗಮಂಗಲದ ಕಡೆಯ ದೇವಯ್ಯನವರಿಂದ ಹೇಳಿಕೆ ಬಂತು. ಹುಡುಗ ಸರಿ, ಜಾತಕವೂ ಸರಿ. ಆದರೆ ಕೆಲಸದಲ್ಲಿ ಜೀವಕ್ಕೆ ಅಪಾಯವಿಲ್ಲವೆಂದು ಕಣ್ಣಾರೆ ಕಂಡ ಮೇಲೆಯೇ ಮಗಳು ಹೇಮಶ್ರೀಯನ್ನು ಕೊಡುವ ಮಾತು. ದೇವಯ್ಯ ಹೇಮಗಿರಿಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ, ಬಾಲ ತಿರುಚಿ, ನಡೆಸಿ ನೋಡದೆ ಕಾಸು ಬಿಚ್ಚದ ಮನುಷ್ಯ.

ಸೂಪರ್‌ವೈಸರ್ ಒಪ್ಪಿದ್ದರಿಂದ ಶನಿವಾರ ದೇವಯ್ಯ ಒಬ್ಬರೇ ಬಂದೇಬಿಟ್ಟರು. ತಲೆಗೆ ಸುತ್ತಿದ್ದ ಟವೆಲು ಹೆಗಲಿಗಿಳಿದು ಅದರ ಜಾಗಕ್ಕೆ ಹೆಲ್ಮೆಟ್ಟು ಬಂತು. ಎದುರಿಗೆ ಹಳದಿ ತೋಳು ಆಚೀಚೆ ಹೊರಳುತ್ತ ಬೆಸೆಯುತ್ತಿತ್ತು. ಚಲುವರಾಜು ಹುಮ್ಮಸ್ಸಿನಿಂದ ಶುರುಮಾಡಿದ.

"ನೋಡಿ ಗೌಡ್ರೇ, ಸುತ್ತ ಕಬ್ಬಿಣದ ಬೇಲಿ ಐತೆ."

"ಗುಮ್ತದಾ?"

"ಇಲ್ಲ ಇಲ್ಲ!"

"ಗುಮ್ದಿರೋ ದನಕ್ಕೆ ಬೇಲಿ ಯಾಕಪ್ಪ?"

"ಬೇಲಿ ಬಾಗ್ಲು ತಗುದ್ರೆ ತಾನೇ ನಿಂತೋಯ್ತದೆ. ಇಲ್ಲೊಂದು, ಅಲ್ಲೊಂದು ಕೆಂಪು ಗುಂಡಿ ಅವೆ. ಒತ್ತುದ್ರೆ ಗಪ್ಪಂತ ನಿಲ್ತದೆ. ಬೆಳಕು ಕಣ್ಣಿಗೆ ಒಡೀಬಾರ್ದು ಅಂತ ಈ ಪರದೆ."

ದೇವಯ್ಯ ಗದ್ದ ಕೆರೆದುಕೊಂಡರು. "ಮೂಗುದಾರ, ಕಾಲ್ಗೆ ಅಗ್ಗ, ಮೇಲೆ ಮಕವನ್ನೂ ಮುಚ್ಚವ್ರೆ. ಇಷ್ಟೆಲ್ಲ ಕಟ್ಬೇಕಾದ್ರೆ ಎಷ್ಟು ಜನನ ಕೆಡವಿರಬೇಕಪ್ಪ ಇದು!"

ತೋರಿಸಿದ ಒಂದೊಂದು ರಕ್ಷಣೆಗೂ ಊರಲ್ಲಿದ್ದ ಹೇಮಶ್ರೀ ಅವನ ಪಾಲಿಗೆ ಒಂದೊಂದು ಮಾರು ದೂರ ಸರಿಯುತ್ತಿದ್ದಳು. ಚಲುವರಾಜುವಿನ ಬಳಿ ಉಳಿದಿದ್ದು ಒಂದೇ. ಪೈಪು ಇಡುವ ಕಡೆ ಎರಡು ಕಂಬ, ಅವುಗಳ ನಡುವೆ ಕಾಣದ ಬೆಳಕಿನ ಪರದೆ.

"ಇದುಕ್ಕೆ ಏನಾರ ಅಡ್ಡ ಬಂದ್ರೆ..."

"ಎಲ್ಲೈತೆ? ಏನೂ ಕಾಣಾಕಿಲ್ವಲ್ಲ!" ಎಂದು ದೇವಯ್ಯ ಕೈ ಚಾಚಿಯೇಬಿಟ್ಟರು.

ತೋಳು ಇದ್ದಲ್ಲೇ ನಿಂತಿತು. ಅದಕ್ಕಿಂತ ಮೊದಲು ಚಲುವರಾಜುವಿನ ಎದೆ ನಿಂತಿತ್ತು. ದೇವಯ್ಯ ಕೈ ಹಿಂದಕ್ಕೆ ತೆಗೆದರು. ತೋಳು ಮಿಸುಕಲಿಲ್ಲ.

"ಕೈ ತಗುದ್ನಲ್ಲ, ಯಾಕ್ ಓಡ್ತಿಲ್ಲ? ಕೆಟ್ಟೋಯ್ತಾ?"

"ತಾನಾಗೇ ಓಡಾಕಿಲ್ಲ. ಒಳಗೆ ಯಾರೂ ಇಲ್ಲ ಅಂತ ನೋಡ್ಬುಟ್ಟು, ನಾನು ಆಚೆ ನಿಂತ್ಕಂಡು ಗುಂಡಿ ಒತ್ಬೇಕು."

"ಚಲುವರಾಜು! ಯಾಕೋ ನಿಂತಿದೆ? ಒತ್ತೋ ಬೇಗ!" ದೂರದಿಂದ ಸೂಪರ್‌ವೈಸರ್ ಕೂಗಿದರು.

ಬೇರೆ ದಿನವಾಗಿದ್ದರೆ ಚಲುವರಾಜು ಒಂದು ಓರೆನೋಟದಲ್ಲಿ ತಪಾಸಣೆ ಮುಗಿಸುತ್ತಿದ್ದ. ಇಂದು ದೇವಯ್ಯನವರ ಭುಜ ಹಿಡಿದು ಹಿಂದಕ್ಕೆ ನಿಲ್ಲಿಸಿದ. ಬೇಲಿಯ ಸುತ್ತ ಪೂರ್ತಿ ನಡೆದ, ಪರದೆಯ ಹಿಂದೆ ಇಣುಕಿದ.

"ಒತ್ತೋ ಅಂದ್ರೆ ಪ್ರದಕ್ಷಿಣೆ ಹಾಕ್ತಿದ್ದಾನೆ!" ಸೂಪರ್‌ವೈಸರ್ ಮತ್ತೆ ಕೂಗಿದರು.

"ನೋಡ್ತಾ ಇವ್ನಿ ಸಾರ್, ನೋಡ್ದೆ ಒತ್ತಾಕಿಲ್ಲ," ಎಂದ. ತನ್ನ ಬಾಯಿಂದಲೇ ಈ ಮಾತು ಬಂದದ್ದು ಕೇಳಿ ತಾನೇ ಬೆಚ್ಚಿದ. ಆಮೇಲೆ ಗುಂಡಿ ಒತ್ತಿದ. ತೋಳು ಹೊರಳಿತು. ದೇವಯ್ಯ ಈಗ ರೋಬೋಟನ್ನು ಬಿಟ್ಟು ಅವನನ್ನೇ ನೋಡುತ್ತಿದ್ದರು.

"ಅದು ಗುಮ್ಲಿ ಬುಡ್ಲಿ, ಬುಡಪ್ಪ. ಬೈದ್ರೂ ನೋಡ್ದೆ ಒತ್ನಿಲ್ಲ ನೀನು. ನನ್ಗೊಪ್ಗೆ. ಭಾನುವಾರ ಊರ್ಗೆ ಬಾ, ನನ್ ಮಗ್ಳು ನಿನ್ನ ನೋಡ್ಲಿ."

"ಅವ್ರು ಒಪ್ನಿಲ್ಲ ಅಂದ್ರೆ?"

"ಅವ್ಳನ್ನ ಒಪ್ಸಾಕೆ ನನ್ತಾವ ಯಾವ್ ಗುಂಡೀನೂ ಇಲ್ಲ ಕಣಪ್ಪ. ನಮ್ಮನೇಲಿ ಅವ್ಳು ಅಂದಂಗೇ ನಾನು ಓಡ್ತಿರೋದು."

ಚಲುವರಾಜು ಗಂಭೀರವಾಗಿ ತಲೆಯಾಡಿಸಿ, ಮುಂದಿನ ಪೈಪನ್ನು ತಲೆಕೆಳಗಾಗಿ ಜೋಡಿಸಿದ.